ಕೈ ಮುಗಿದ ಚಿತ್ರ ಇನ್ನು ಸಾಕು



ಹೋದ ಸಂಚಿಕೆಯ ಮುಖಪುಟ ನಿಮಗೆ ನೆನಪಿರಬಹುದು. ಪಕ್ಕೆಲುಬು ಎದ್ದ ಒಬ್ಬ ಮುದುಕ. ಸೊಂಟಕ್ಕೆ ಚಿಂದಿ. ಎರಡೂ ಕೈ ಜೋಡಿಸಿ, ತಲೆ ತಗ್ಗಿಸಿ, ಕುಕ್ಕರಗಾಲಲ್ಲಿ ಕೂತಿದ್ದಾನೆ. ಯಾವುದೋ ವಾರಪತ್ರಿಕೆಯ ಕತೆಗೆ ಯಾರೋ ಬರೆದ ಚಿತ್ರ. ನಮ್ಮ ನೋವನ್ನು ಚೆನ್ನಾಗಿ ತೋರಿಸಿದೆ ಅಂತ ನಾವೇ ಮೆಚ್ಚಿಕೊಂಡು ಸ್ಟೆನ್ಸಿಲ್ ಹಾಳೆಯ ಮೇಲೆ ಎಳೆದೆವು.

ಸಭೆಯಲ್ಲಿ ಮಾರುತ್ತಿದ್ದಾಗ ಒಬ್ಬ ತಾಯಿ ಒಂದು ಪ್ರತಿ ತಗೊಂಡರು. ತಮಗೆ ಓದೋಕೆ ಬರಲ್ಲ, ಮೊಮ್ಮಗಳು ಓದಿ ಹೇಳ್ತಾಳೆ ಅಂದರು. ಚಿತ್ರ ನೋಡಲು ಮೊಮ್ಮಗಳು ಬೇಕಿಲ್ಲವಲ್ಲ. ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಆಮೇಲೆ ಕೇಳಿದರು:

"ಇವ್ನು ಯಾರ್ಲಾ ಮಗಾ?"

"ನಮ್ಮೋರೇ ಕಣವ್ವಾ. ನಮ್ಮ ಕೇರಿಯೋರು."

"ನಮ್ ಕೇರೀಲಿ ಹಿಂಗೆ ಕೂತ್ಕಳೋನ್ನ ನಾನ್ ಕಾಣೆ. ನಮ್ ಯಜಮಾನ ಸಾಯೋಗಂಟ ಗೌಡನ್ ಮುಂದೆ ನಿಂತ್ಕಂಡೇ ಕೂಲಿ ಕೇಳ್ದ. ಇವ್ನು ಯಾರ್ ಮನೆ ಮುಂದೆ ಕೂತವ್ನೆ?"

ನಾವು ಬಿ.ಎ. ಓದಿದವರು, ಕವನ ಬರೆಯುವವರು. ರಸ ಎಷ್ಟು ಅಂದರೆ ಒಂಬತ್ತು ಅಂತ ನಿದ್ದೆಗಣ್ಣಲ್ಲೂ ಹೇಳುತ್ತೇವೆ. ಆ ತಾಯಿಯ ಪ್ರಶ್ನೆಗೆ ಬಾಯಿ ಬರಲಿಲ್ಲ. ರಾತ್ರಿ ರೂಮಿಗೆ ಬಂದು ಮತ್ತೆ ನೋಡಿದಾಗ ತಿಳಿಯಿತು: ಅವನು ಕೂತಿರುವುದು ಚಿತ್ರ ಬರೆದವನ ಮನೆ ಮುಂದೆ. ವಾರಪತ್ರಿಕೆ ಕೊಂಡು, ಕಾಫಿ ಕುಡಿಯುತ್ತಾ, 'ಅಯ್ಯೋ ಪಾಪ' ಅನ್ನುವವರ ಮನೆ ಮುಂದೆ. ನಾವು ಅವನನ್ನು ಅಲ್ಲಿಂದ ಎಬ್ಬಿಸಿಕೊಂಡು ಬರಲಿಲ್ಲ. ಕೂತವನನ್ನು ಕೂತ ಹಾಗೇ ಹೊತ್ತು ತಂದು ನಮ್ಮ ಮುಖಪುಟದ ಮೇಲೆ ಇಟ್ಟಿದ್ದೆವು.

ಅಂದಿನಿಂದ ನಮಗೆ ಚಿತ್ರ ನೋಡುವ ಹುಚ್ಚು ಹಿಡಿಯಿತು. ಅವೆನ್ಯೂ ರಸ್ತೆಯ ಹಳೇ ಪುಸ್ತಕದವರ ಮುಂದೆ ನಿಂತು ನೋಡಿದ್ದು (ಕೊಳ್ಳಲು ದುಡ್ಡಿರಲಿಲ್ಲ, ಅವರೂ ಬೈಯಲಿಲ್ಲ), ಲೈಬ್ರರಿಯಲ್ಲಿ ಕೂತು ನೋಡಿದ್ದು, ಒಬ್ಬ ಗೆಳೆಯನ ಫೋನಿನ ಅಂಗೈಯಗಲ ಪರದೆಗೆ ನಾಲ್ಕು ಜನ ತಲೆ ತಾಗಿಸಿ ನೋಡಿದ್ದು. ಹಾಗೆ ನೋಡುತ್ತಾ ನಮ್ಮನ್ನು ಹಿಡಿದು ನಿಲ್ಲಿಸಿದ ಕೆಲವರ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ. ಚಿತ್ರಕಲೆಯ ಪಂಡಿತರು ನಾವಲ್ಲ. ಆ ತಾಯಿ ಕೇಳಿದ್ದನ್ನೇ ಒಂದೊಂದು ಚಿತ್ರಕ್ಕೂ ಕೇಳಿದ್ದೇವೆ, ಅಷ್ಟೇ. ಇವರು ಯಾರ ಮನೆ ಮುಂದೆ ಇದ್ದಾರೆ?

ಮೊದಲು ಸಿಕ್ಕಾಕೆ ಜರ್ಮನಿಯ ಕೇಟೆ ಕೊಲ್‌ವಿಟ್ಸ್. ಹುಟ್ಟಿದ್ದು 1867ರಲ್ಲಿ. ಗಂಡ ಬರ್ಲಿನ್ನಿನ ಕೂಲಿಕಾರರ ಬಡಾವಣೆಯಲ್ಲಿ ಬಡವರ ಡಾಕ್ಟರು. ಅಲ್ಲಿಗೆ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದ ಹೆಂಗಸರನ್ನು ಈಕೆ ದಿನಾ ನೋಡುತ್ತಿದ್ದಳು. 1844ರಲ್ಲಿ ಸೈಲೀಶಿಯಾದ ಕೈಮಗ್ಗದ ನೇಕಾರರು ಹೊಟ್ಟೆಗಿಲ್ಲದೆ ದಂಗೆ ಎದ್ದಿದ್ದರು. ಅದರ ಮೇಲೆ ಹಾಪ್ಟ್‌ಮನ್ ಬರೆದ ನಾಟಕ ನೋಡಿ ಬಂದು, 1893ರಿಂದ 1897ರವರೆಗೆ ಆರು ಅಚ್ಚುಚಿತ್ರ ಮಾಡಿದಳು. ಮೂರು ಕಲ್ಲಚ್ಚು, ಮೂರು ಲೋಹದ ತಗಡಿನವು. ಒಂದರಲ್ಲಿ ನೇಕಾರರು ಗುಂಪಾಗಿ ಹೊರಟಿದ್ದಾರೆ. ಬಿಗಿದ ಮುಷ್ಟಿ, ಹೆಗಲ ಮೇಲೆ ಕೊಡಲಿ. ಅವರ ನಡುವೆ ಒಬ್ಬ ಹೆಂಗಸು, ಬೆನ್ನ ಮೇಲೆ ಮಗು ನಿದ್ದೆ ಹೋಗಿದೆ. ದಂಗೆಗೆ ಹೋಗುವಾಗ ಮಗುವನ್ನು ಬಿಟ್ಟು ಹೋಗಲು ಆಕೆಗೆ ಮನೆಯಲ್ಲಿ ಯಾರಿದ್ದಾರೆ? ಇದು ಕೂಲಿ ಮಾಡಿದವರಿಗೆ ಗೊತ್ತಾಗುವ ಮಾತು. 1898ರ ಬರ್ಲಿನ್ ಪ್ರದರ್ಶನದಲ್ಲಿ ತೀರ್ಪುಗಾರರು ಇದಕ್ಕೆ ಚಿನ್ನದ ಪದಕ ಕೊಡಬೇಕು ಅಂದರು. ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಒಪ್ಪಲಿಲ್ಲ. ಚಕ್ರವರ್ತಿಗೆ ಚಿತ್ರ ಚೆನ್ನಾಗಿಯೇ ಅರ್ಥವಾಗಿತ್ತು ಅಂತ ಕಾಣುತ್ತೆ.

ಆಮೇಲೆ 1902ರಿಂದ 1908ರವರೆಗೆ ಹಳೇ ರೈತ ದಂಗೆಯ ಮೇಲೆ ಏಳು ಚಿತ್ರ. ಮೊದಲನೆಯದರಲ್ಲಿ ಇಬ್ಬರು ಗಂಡಸರು ಎತ್ತಿನ ಬದಲು ತಾವೇ ನೇಗಿಲು ಎಳೆಯುತ್ತಿದ್ದಾರೆ. ಮೈ ಇನ್ನೇನು ನೆಲಕ್ಕೆ ತಾಗಬೇಕು. "ಇದೂ ಬಾಗಿದ ಮೈಯೇ ಅಲ್ವೇನ್ರೋ, ನಮ್ಮ ಮುದುಕನಿಗೂ ಇದಕ್ಕೂ ಏನು ವ್ಯತ್ಯಾಸ?" ಅಂತ ನಮ್ಮಲ್ಲಿ ಒಬ್ಬ ಜಗಳ ತೆಗೆದ. ಅರ್ಧ ರಾತ್ರಿ ಅದೇ ಜಗಳ. ಕೊನೆಗೆ ನೇಗಿಲನ್ನು ನೋಡಿ ತಣ್ಣಗಾದೆವು. ಅವರು ಬಾಗಿರುವುದು ಭಾರಕ್ಕೆ. ಎದುರಿಗೆ ನಿಂತ ಮನುಷ್ಯನಿಗಲ್ಲ.

ಅದೇ ಏಳರಲ್ಲಿ ಇನ್ನೊಂದಿದೆ. 'ಕಪ್ಪು ಆನ್ನಾ' ಎಂಬ ರೈತ ಹೆಂಗಸು. ಬೆನ್ನು ನಮ್ಮ ಕಡೆಗಿದೆ. ಎರಡೂ ಕೈ ಮೇಲೆತ್ತಿ ಜನರನ್ನು ಮುಂದಕ್ಕೆ ನುಗ್ಗಿಸುತ್ತಿದ್ದಾಳೆ. ಜನ ಹೊಳೆ ಹರಿದ ಹಾಗೆ ಎಡಕ್ಕೆ ನುಗ್ಗಿ ಹೋಗುತ್ತಿದ್ದಾರೆ. ಅವಳು ಅಳುತ್ತಿದ್ದಾಳೋ ಕೂಗುತ್ತಿದ್ದಾಳೋ ತಿಳಿಯುವ ಹಾಗಿಲ್ಲ, ಆ ಎತ್ತಿದ ಕೈ ನೋಡಿಯೇ ತಿಳಿಯಬೇಕು. ಚಿತ್ರ ನೋಡುವ ನಾವು ನಿಂತಿರುವುದು ಅವಳ ಹಿಂದೆ. ಎದುರಿಗೆ ನಿಂತು 'ಅಯ್ಯೋ ಪಾಪ' ಅನ್ನಲು ಈಕೆ ನಮಗೆ ಜಾಗವನ್ನೇ ಕೊಟ್ಟಿಲ್ಲ. ಇದನ್ನು ನೋಡಿದ ದಿನ ನಮಗೆ ಊಟ ರುಚಿಸಲಿಲ್ಲ. ದುಃಖದಿಂದಲ್ಲ, ಇಷ್ಟು ದಿನ ಯಾರೂ ತೋರಿಸಲಿಲ್ಲವಲ್ಲ ಎಂಬ ಸಿಟ್ಟಿಗೆ.

1914ರ ಯುದ್ಧದಲ್ಲಿ ಈಕೆಯ ಮಗ ಸತ್ತ. ಅದಾದ ಎಷ್ಟೋ ವರ್ಷದ ಮೇಲೆ ಮರ ಕೊರೆಯಲು ಕೂತಳು. ಯುದ್ಧದ ಮೇಲೆ ಏಳು ಮರದಚ್ಚು. ಮೊದಲಿನ ಸಣ್ಣ ಸಣ್ಣ ಗೆರೆ ಅಲ್ಲಿಲ್ಲ. ಕಪ್ಪು ಕಪ್ಪಾಗಿಯೇ ನಿಂತಿದೆ, ಉಳಿ ತಾಗಿದ ಕಡೆ ಮಾತ್ರ ಬಿಳಿ. 1933ರಲ್ಲಿ ನಾಜಿಗಳು ಈಕೆಯನ್ನು ಅಕಾಡೆಮಿಯಿಂದ ಹೊರಗೆ ಹಾಕಿದರು. 1945ರ ಏಪ್ರಿಲ್‌ನಲ್ಲಿ, ಇನ್ನು ಕೆಲವೇ ದಿನಕ್ಕೆ ಯುದ್ಧ ಮುಗಿಯಬೇಕು ಅನ್ನುವಾಗ, ಸತ್ತಳು. ಅಷ್ಟರಲ್ಲಿ ಈಕೆಯ ಚಿತ್ರ ಚೀನಾಕ್ಕೆ ಹೋಗಿತ್ತು. ಕತೆಗಾರ ಲು ಶುನ್ 1931ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಈಕೆಯ ಮರದಚ್ಚೊಂದನ್ನು ಹಾಕಿಸಿದ. ಅದೇ ವರ್ಷ ಶಾಂಘಾಯಿಯಲ್ಲಿ ಹುಡುಗರಿಗೆ ಮರ ಕೊರೆಯುವ ಪಾಠ ಏರ್ಪಡಿಸಿ, ಕಲಿಸುವವನ ಮಾತನ್ನು ತಾನೇ ಪಕ್ಕದಲ್ಲಿ ನಿಂತು ಅನುವಾದ ಮಾಡಿ ಹೇಳಿದ. ಸಾಹಿತಿಗಳು ಮಾಡಬೇಕಾದ ಕೆಲಸ ಅಂದರೆ ಇದು. ನಮ್ಮವರು ಚಿತ್ರಕಾರನನ್ನು ನೆನೆಯುವುದು ತಮ್ಮ ಸಂಕಲನಕ್ಕೆ ಮುಖಪುಟ ಬೇಕಾದಾಗ.

ಈಗ ಬಂಗಾಳಕ್ಕೆ ಬರೋಣ. 1943ರ ಬರ. ಬರ ಅನ್ನುವುದೇ ಸುಳ್ಳು. ಯುದ್ಧದ ಹೆಸರಲ್ಲಿ ಬ್ರಿಟಿಷ್ ಸರ್ಕಾರ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿತು, ಅಕ್ಕಿ ಎತ್ತಿಸಿತು, ಸಾಹುಕಾರರು ಉಳಿದದ್ದನ್ನು ಗೋದಾಮಿಗೆ ತುಂಬಿ ಬೆಲೆ ಏರಿಸಿದರು. ಸುಮಾರು ಮೂವತ್ತು ಲಕ್ಷ ಜನ ಸತ್ತರು ಅಂತ ಅಂದಾಜು. ಸತ್ತವರಲ್ಲಿ ಹೆಚ್ಚಿನವರು ನೆಲ ಇಲ್ಲದ ಕೂಲಿಗಳು, ಬೆಸ್ತರು ಮುಂತಾದವರು. ಅಂದರೆ ನಮ್ಮಂಥವರು.

ಕಲ್ಕತ್ತೆಯ ಚಿತ್ರಶಾಲೆಯಲ್ಲಿ ಪಾಠ ಹೇಳುತ್ತಿದ್ದ ಜೈನುಲ್ ಅಬೇದಿನ್, ಆಗಿನ್ನೂ ಮೂವತ್ತು ತುಂಬದ ಯುವಕ, ಬೀದಿಗೆ ಇಳಿದ. ಸಾಮಾನು ಕಟ್ಟುವ ಅಗ್ಗದ ಕಾಗದ, ಇದ್ದಿಲು ಸುಟ್ಟು ತಾನೇ ಮಾಡಿಕೊಂಡ ಮಸಿ, ಒಣಕಲು ಬ್ರಷ್ಷು. ಆ ಒಣ ಬ್ರಷ್ಷು ಕಾಗದದ ಮೇಲೆ ಕೆರೆದ ಹಾಗೆ ಹೋಗುತ್ತೆ, ಹಸಿದ ಮೈಯ ಚರ್ಮದ ಹಾಗೇ ಕಾಣುತ್ತೆ. ತಾಯಿ ಬಿದ್ದಿದ್ದಾಳೆ, ಮಗು ಬಿದ್ದಿದೆ, ಪಕ್ಕದಲ್ಲಿ ಕಾಗೆ ಕಾದಿದೆ. ಶೈಲಿ ಶೈಲಿ ಅಂತ ವಿಮರ್ಶಕರು ಬಾಯಿ ತುಂಬ ಹೇಳುತ್ತಾರಲ್ಲ, ಅದು ಆಕಾಶದಿಂದ ಇಳಿದು ಬರುವುದಲ್ಲ ಸ್ವಾಮಿ. ಜೇಬಲ್ಲಿ ಎಷ್ಟು ಕಾಸಿದೆ, ಕೈಗೆ ಯಾವ ಕಾಗದ ಸಿಕ್ಕಿತು, ಎಷ್ಟು ಹೊತ್ತಲ್ಲಿ ಬರೆದು ಮುಗಿಸಬೇಕು, ಇದರಲ್ಲಿ ಅರ್ಧ ಶೈಲಿ ಇದೆ.

ಇನ್ನೊಬ್ಬ ಚಿತ್ತಪ್ರಸಾದ್. ಹುಟ್ಟಿದ್ದು 1915ರಲ್ಲಿ, ಬ್ರಾಹ್ಮಣರ ಮನೆಯಲ್ಲಿ. ಜಾತಿ ಹೇಳುವ 'ಭಟ್ಟಾಚಾರ್ಯ'ವನ್ನು ಕಿತ್ತು ಹಾಕಿ ಬರೀ ಚಿತ್ತಪ್ರಸಾದ್ ಆಗಿಯೇ ಬಾಳಿದ. 1943ರ ನವೆಂಬರ್‌ನಲ್ಲಿ ಮಿಡ್ನಾಪುರ ಜಿಲ್ಲೆಯನ್ನು ಸುತ್ತಿದ. ಹಸಿದವರ ಎದುರು ಕೂತು ಬರೆದ. ಬರೆದು ಸುಮ್ಮನಾಗಲಿಲ್ಲ, ನಿನ್ನ ಹೆಸರೇನು, ಯಾವ ಊರು, ಮನೆಯಲ್ಲಿ ಎಷ್ಟು ಜನ ಇದ್ದರು, ಈಗ ಎಷ್ಟು ಜನ ಉಳಿದಿದ್ದೀರಿ ಅಂತ ಕೇಳಿ ಅದನ್ನೂ ಬರೆದುಕೊಂಡ. ಚಿತ್ರ, ವರದಿ ಎರಡೂ ಸೇರಿಸಿ 'ಹಂಗ್ರಿ ಬೆಂಗಾಲ್' ಅಂತ ಸಣ್ಣ ಪುಸ್ತಕ ಬಂತು. ಸರ್ಕಾರ 5000 ಪ್ರತಿಗಳನ್ನು ಹಿಡಿದು ನಾಶ ಮಾಡಿತು. ಮನೆಯವರು ಕಾಪಾಡಿಕೊಂಡಿದ್ದ ಒಂದು ಪ್ರತಿ ಉಳಿಯಿತು, ಅದನ್ನೇ ನೋಡಿ 2011ರಲ್ಲಿ ಮತ್ತೆ ಅಚ್ಚು ಹಾಕಿದರು. ಚಿತ್ರಕ್ಕೆ ಹೆದರುವ ಸರ್ಕಾರ ಅಂದರೆ ಏನು ಅಂತ ಯೋಚನೆ ಮಾಡಿ. ಕೈ ಮುಗಿದ ಮುದುಕನ ಚಿತ್ರಕ್ಕೆ ಯಾವ ಸರ್ಕಾರವೂ ಹೆದರಿದ್ದನ್ನು ನಾವು ಕೇಳಿಲ್ಲ. ಅಂಥ ಚಿತ್ರಕ್ಕೆ ಬಹುಮಾನ ಕೊಡುತ್ತಾರೆ.

ನಮ್ಮ ಮುದುಕನಿಗೆ ಹೆಸರಿರಲಿಲ್ಲ. ಇದು ನಮಗೆ ಚಿತ್ತಪ್ರಸಾದ್‌ನಿಂದ ತಿಳಿದದ್ದು. ಹೆಸರು ಕೇಳಿದ್ದರೆ ಅವನು ತಲೆ ಎತ್ತಿ ಹೇಳಬೇಕಾಗುತ್ತಿತ್ತು.

ಆಮೇಲೆ ಬೊಂಬಾಯಿಗೆ ಹೋಗಿ ನೆಲೆಸಿದ ಚಿತ್ತಪ್ರಸಾದ್, ಪಕ್ಷದಿಂದ ದೂರವಾಗಿ, ಬಡತನದಲ್ಲಿ ಲಿನೋ ಹಾಳೆ ಕೊರೆಯುತ್ತಾ ಕೂತ. ಕೂಲಿ ಮಾಡುವ ಮಕ್ಕಳ ಮೇಲೆ ಒಂದು ಸಾಲು ಚಿತ್ರ ಇದೆ. ಕಪ್ಪು ನೆಲದಲ್ಲಿ ಬಿಳಿ ಗೆರೆ, ಗುಂಡು ಗುಂಡು ಮೈ, ದೊಡ್ಡ ಕಣ್ಣು. ಅನ್ನ ಇಲ್ಲದ ಮಕ್ಕಳನ್ನು ಇಷ್ಟು ಚೆಂದ ಬರೆಯಬಹುದಾ ಅಂತ ನಮಗೆ ಮೊದಲು ಅನುಮಾನ ಬಂತು. ಈಗ ಇಲ್ಲ. ನಮ್ಮ ಮಕ್ಕಳು ಚೆಂದ ಇದ್ದಾರೆ, ಚೆಂದ ಬರೆದರೆ ತಪ್ಪೇನು?

ಸಮುದ್ರದಾಚೆ ಅಮೆರಿಕದಲ್ಲಿ ಇನ್ನೊಬ್ಬ. ಎಮೊರಿ ಡಗ್ಲಸ್, ಹುಟ್ಟಿದ್ದು 1943. ಹುಡುಗನಾಗಿದ್ದಾಗ ಬಾಲಾಪರಾಧಿಗಳ ಶಾಲೆಗೆ ಬಿದ್ದವನು. ಅಲ್ಲಿನ ಅಚ್ಚುಕೂಟದಲ್ಲಿ ಮಸಿ ಮೆತ್ತಿಕೊಂಡು ಕೆಲಸ ಕಲಿತ. 1967ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಸೇರಿ ಅದರ ಸಂಸ್ಕೃತಿ ಮಂತ್ರಿಯಾದ. ಆ ವರ್ಷ ಶುರುವಾದ ಅವರ ಪತ್ರಿಕೆ 1980ರವರೆಗೆ ನಡೆಯಿತು, ಏರುಗಾಲದಲ್ಲಿ ವಾರಕ್ಕೆ ಲಕ್ಷಕ್ಕೂ ಮೀರಿ ಪ್ರತಿ ಹೋಗುತ್ತಿತ್ತು. ಅದರ ಹಿಂಪುಟ ಇಡೀ ಒಂದು ಚಿತ್ರ, ಕಿತ್ತು ಗೋಡೆಗೆ ಅಂಟಿಸಲೆಂದೇ. ದುಡ್ಡಿಲ್ಲದ ಪತ್ರಿಕೆ, ಕಪ್ಪಿನ ಜೊತೆ ಇನ್ನೊಂದು ಬಣ್ಣ ಇದ್ದರೆ ಹೆಚ್ಚು. ಅದಕ್ಕೇ ಅವನು ದಪ್ಪ ಕಪ್ಪು ಗೆರೆ ಹಿಡಿದ. ಮರದಚ್ಚಿನ ಹಾಗೆ ಕಾಣಬೇಕು, ದೂರದಿಂದ ಕಾಣಬೇಕು, ಓದು ಬಾರದವರಿಗೂ ತಿಳಿಯಬೇಕು.

ಅವನ ಜನ ಎಂಥವರು ಗೊತ್ತೇ? ಹರಿದ ಬಟ್ಟೆ ಹಾಕಿದವರೇ. ಹೆಂಗಸರು, ಮುದುಕರು, ಮಕ್ಕಳು. ಆದರೆ ಮುಖದಲ್ಲಿ ದೈನ್ಯ ಇಲ್ಲ. ತಾಯಿ ಮಗುವನ್ನು ಎತ್ತಿಕೊಂಡು ಕೋವಿಯನ್ನೂ ಹಿಡಿದಿದ್ದಾಳೆ. ದೇವರ ಪಟದಲ್ಲಿ ದೇವರ ತಲೆ ಹಿಂದೆ ಇರುತ್ತಲ್ಲ ಕಿರಣ, ಅದನ್ನು ಇವನು ಕೂಲಿಯವಳ ತಲೆ ಹಿಂದೆ ಇಟ್ಟಿದ್ದಾನೆ. ಒಂದು ಮಾತು ಮಾತ್ರ ಒಪ್ಪಲಾರೆವು. ಪೊಲೀಸರನ್ನು ಹಂದಿಯಾಗಿ ಬರೆದು ಹೆಸರಾದವನು ಇವನು. ಅಲ್ಲಿಗೆ ಅದು ಸರಿ ಇರಬಹುದು. ಹಂದಿ ಸಾಕಿ ಹೊಟ್ಟೆ ಹೊರೆಯುವವರು ನಮ್ಮಲ್ಲಿದ್ದಾರೆ, ಆ ಪ್ರಾಣಿಯನ್ನು ನಾವು ಯಾಕೆ ಅವಮಾನ ಮಾಡಬೇಕು?

ಇವರ ಹೆಸರನ್ನೇ 1972ರಲ್ಲಿ ಬೊಂಬಾಯಿಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ಮುಂತಾದ ಹುಡುಗರು ತಂದು ದಲಿತ ಪ್ಯಾಂಥರ್ಸ್ ಕಟ್ಟಿದರು. ಹೆಸರು ಬಂತು, ಸಿಟ್ಟು ಬಂತು, ಕವನ ಬಂತು. ಹಿಂಪುಟದ ಆ ಚಿತ್ರ ಮಾತ್ರ ಆ ಜೋರಿನಲ್ಲಿ ಬರಲಿಲ್ಲ ಎಂಬುದು ನಮ್ಮ ದೂರು. ನಮ್ಮಲ್ಲೂ ಅಷ್ಟೇ. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, ಹಾಡು ಕೇರಿ ಕೇರಿ ಹೊಕ್ಕಿತು. ಮಾತು ನಮ್ಮದಾಯಿತು, ದನಿ ನಮ್ಮದಾಯಿತು. ನಮ್ಮ ಮೈಯನ್ನು ಬರೆಯುವ ಕೆಲಸವನ್ನು ಬಹಳ ಕಾಲ ಬೇರೆಯವರಿಗೇ ಬಿಟ್ಟೆವು. ನಾವು ಕವಿಗಳು ಈ ತಪ್ಪಿನಲ್ಲಿ ಪಾಲುದಾರರು. ಸಾಲು ತಿದ್ದಲು ಮೂರು ರಾತ್ರಿ ಕೂರುತ್ತೇವೆ, ಅದರ ಪಕ್ಕದ ಚಿತ್ರವನ್ನು ಸಿಕ್ಕಿದ ಕಡೆಯಿಂದ ಎತ್ತಿ ಹಾಕುತ್ತೇವೆ.

ನಮ್ಮವರು ಬರೆದೇ ಇಲ್ಲ ಅಂತ ಹೇಳಿದರೆ ಅದೂ ಸುಳ್ಳು. ಬಿಹಾರದ ಮಧುಬನಿ ಜಿಲ್ಲೆಯ ಜಿತ್ವಾರ್‌ಪುರ ನೋಡಿ. 1966-67ರ ಬರಗಾಲದಲ್ಲಿ ಸರ್ಕಾರದವರು ಅಲ್ಲಿನ ಹೆಂಗಸರ ಕೈಗೆ ಕಾಗದ ಕೊಟ್ಟು, ಗೋಡೆಯ ಮೇಲಿನ ಚಿತ್ರವನ್ನು ಇದರ ಮೇಲೆ ಬರೆಯಿರಿ, ಮಾರೋಣ ಅಂದರು. ಮೊದಲು ಹೆಸರಾದವು ಬ್ರಾಹ್ಮಣ ಹೆಂಗಸರ ಬಣ್ಣ ತುಂಬುವ ರೀತಿ, ಕಾಯಸ್ಥ ಹೆಂಗಸರ ಸಣ್ಣ ಗೆರೆಯ ರೀತಿ. ಅದೇ ಊರಿನ ದುಸಾಧ್ ಕೇರಿಯ ಚಾನೋ ದೇವಿ ಮುಂತಾದ ಹೆಂಗಸರು ಆ ಎರಡೂ ದಾರಿ ಬಿಟ್ಟರು. ತಮ್ಮ ಕೈಕಾಲಿನ ಹಚ್ಚೆಯನ್ನೇ ಕಾಗದಕ್ಕೆ ಇಳಿಸಿದರು. ಸಗಣಿ ನೀರು ಬಳಿದ ಕಾಗದ, ಬಿದಿರು ಕಡ್ಡಿ, ದೀಪದ ಮಸಿ. ಸಾಲು ಸಾಲಾಗಿ, ಸುತ್ತು ಸುತ್ತಾಗಿ ಹೂವು, ಆನೆ, ಮನುಷ್ಯರು. ನಡುವೆ ಅವರ ಕುಲದ ವೀರ ರಾಜಾ ಸಲಹೇಸ್. ಇದಕ್ಕೆ 'ಗೋದ್ನಾ' ಅಂತ ಹೆಸರು. ಈ ರೀತಿಯಲ್ಲಿ ಬರೆಯುವ ಶಾಂತಿದೇವಿ, ಶಿವನ್ ಪಾಸ್ವಾನ್ ದಂಪತಿಗೆ 2024ರಲ್ಲಿ ಪದ್ಮಶ್ರೀ ಬಂತು. ಪದಕದ ಮಾತು ಬಿಡಿ. ಹಚ್ಚೆ ನಮ್ಮ ಅಜ್ಜಿಯರ ಮೊಣಕೈ ಮೇಲೂ ಇದೆ. ಸಾಯುವಾಗ ಜೊತೆಗೆ ಬರುವ ಒಡವೆ ಇದೊಂದೇ ಅಂತ ಅವರು ಅನ್ನುತ್ತಿದ್ದರು. ಅದನ್ನು ಚಿತ್ರ ಅಂತ ನೋಡಬೇಕು ಅನ್ನುವುದು ಬಿ.ಎ. ಓದಿದ ನಮಗೆ ಹೊಳೆದಿರಲಿಲ್ಲ.

ನಾಗಪುರದ ಸವಿ ಸಾವರ್ಕರ್ (ಹೆಸರು ನೋಡಿ ಬೆಚ್ಚಬೇಡಿ, ಈತ ನಮ್ಮವನು, 1961ರಲ್ಲಿ ಹುಟ್ಟಿದವನು) ಪೇಶ್ವೆಗಳ ಕಾಲದ ಅಸ್ಪೃಶ್ಯನನ್ನು ಬರೆದಿದ್ದಾನೆ. ಕುತ್ತಿಗೆಗೆ ಮಡಕೆ, ಬೆನ್ನ ಹಿಂದೆ ಪೊರಕೆ. ಗೆರೆ ಒರಟು, ಬಣ್ಣ ಗಾಯದಂತೆ. ಅವಮಾನವನ್ನು ಬರೆಯಲೇಬಾರದು ಅಂತ ನಾವು ಹೇಳುತ್ತಿಲ್ಲ ಅನ್ನುವುದಕ್ಕೆ ಈ ಮಾತು. ಆ ಮಡಕೆ ನೋಡಿದರೆ ಕರುಣೆ ಉಕ್ಕುವುದಿಲ್ಲ, ಅದನ್ನು ಕಟ್ಟಿದವನು ಯಾರು ಅಂತ ಕೇಳಬೇಕು ಅನ್ನಿಸುತ್ತೆ.

ಇನ್ನು 'ಭೀಮಾಯನ'. 2011ರಲ್ಲಿ ಬಂದ ಪುಸ್ತಕ, ಬಾಬಾಸಾಹೇಬರ ಬದುಕನ್ನು ಚಿತ್ರದಲ್ಲಿ ಹೇಳುವಂಥದ್ದು. ಬರೆದವರು ಮಧ್ಯಪ್ರದೇಶದ ಪರ್ಧಾನ್ ಗೊಂಡರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಕಾಮಿಕ್ಸಿನಲ್ಲಿ ಚೌಕ ಚೌಕ ಇರುತ್ತಲ್ಲ, ಅದನ್ನು ಇವರು ಬೇಡ ಅಂದರು. ಜನರನ್ನು ಪೆಟ್ಟಿಗೆಯೊಳಗೆ ಹಾಕಿದರೆ ಉಸಿರು ಕಟ್ಟುತ್ತೆ ಎಂಬುದು ಅವರ ವಾದ. ಇಡೀ ಪುಟವೇ ಬಯಲು. ರೈಲು ಹಾವಿನಂತೆ ಹರಿಯುತ್ತೆ. ನಮ್ಮನ್ನು ಎಲ್ಲಕ್ಕಿಂತ ಹಿಡಿದದ್ದು ಅವರು ಮಾತು ಬರೆದ ರೀತಿ. ಮೆದು ಮಾತಾಡುವವರ ಮಾತು ಹಕ್ಕಿಯ ಆಕಾರದೊಳಗೆ. ವಿಷದ ಮಾತಿಗೆ ಚೇಳಿನ ಕೊಂಡಿ. ಹುಡುಗ ಭೀಮ ನೀರು ಕೇಳಿದಾಗ ಎದುರಿನವನ ಬಾಯಿಂದ ಕೊಂಡಿ ಬರುತ್ತೆ. 'ದೂರ ನಿಲ್ಲು' ಅನ್ನುವ ಮಾತಿಗೆ ಕೊಂಡಿ ಇದೆ ಅಂತ ನಮಗೆಲ್ಲ ಗೊತ್ತು, ಕಚ್ಚಿಸಿಕೊಂಡಿದ್ದೇವೆ. ಆ ಕೊಂಡಿಯನ್ನು ಕಣ್ಣಿಗೆ ಕಾಣುವ ಹಾಗೆ ಮಾಡಲು ಈ ಗಂಡಹೆಂಡತಿ ಬರಬೇಕಾಯಿತು. ನಮ್ಮಲ್ಲಿ ಎಷ್ಟು ಕವಿಗಳಿದ್ದೇವೆ, ಒಬ್ಬರಿಗೂ ಈ ಉಪಮೆ ಹೊಳೆಯಲಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಮೊನ್ನೆ ಆ ತಾಯಿಯ ಮನೆಗೆ ಹೋಗಿದ್ದೆವು. ಒಂದೇ ಕೋಣೆ. ಗೋಡೆಯ ಮೇಲೆ ಒಂದೇ ಪಟ. ನೀಲಿ ಕೋಟು, ಕೈಯಲ್ಲಿ ಪುಸ್ತಕ, ನೇರ ಮುಂದೆ ನೋಡುವ ಕಣ್ಣು. ಅದನ್ನು ಬರೆದವನು ಯಾರೋ ಗೊತ್ತಿಲ್ಲ, ಪಟದ ಮೂಲೆಯಲ್ಲಿ ಸಹಿ ಇಲ್ಲ. ಊರೂರಿನ ಬ್ಯಾನರ್ ಬರೆಯುವವರು, ಗೋಡೆ ಬರೆಯುವವರು, ಲಾರಿಯ ಹಿಂದೆ ನವಿಲು ಬರೆಯುವವರು ಇದನ್ನು ಸಾವಿರ ಸಲ ಬರೆದಿದ್ದಾರೆ. ಮೂಗು ಒಂದೊಂದು ಕಡೆ ಒಂದೊಂದು ಥರ ಇರಬಹುದು, ಬೆರಳು ಒಂದು ಹೆಚ್ಚೇ ಬಂದಿರಬಹುದು. ಕಲಾಶಾಲೆಯವರು ನಗುತ್ತಾರೆ, ನಾವೂ ನಕ್ಕಿದ್ದೇವೆ. ಆದರೆ ತಲೆ ತಗ್ಗಿಸಿದ ಬಾಬಾಸಾಹೇಬರನ್ನು ಯಾವನೂ ಬರೆದಿಲ್ಲ. ತಮ್ಮ ಮನೆಯೊಳಗೆ ಯಾವ ಚಿತ್ರ ಇರಬೇಕು ಅಂತ ನಮ್ಮ ಜನ ಯಾವತ್ತೋ ತೀರ್ಮಾನ ಮಾಡಿದ್ದಾರೆ. ನಮ್ಮ ಮುಖಪುಟ ಆ ಗೋಡೆಯ ಮೇಲೆ ಇರಲಿಲ್ಲ. ಮೊಮ್ಮಗಳು ಒಳಗಿನ ಕವನಗಳನ್ನು ಓದಿ ಹೇಳಿದ್ದಳಂತೆ, ಒಂದೆರಡು ಚೆನ್ನಾಗಿದ್ದವಂತೆ.

"ಚಿತ್ರ ಬರೀತೀಯೇನವ್ವಾ?" ಅಂತ ಆ ಹುಡುಗಿಯನ್ನು ಕೇಳಿದೆವು. ನೋಟ್‌ಬುಕ್ಕಿನ ಹಿಂದಿನ ಹಾಳೆ ತಿರುಗಿಸಿ ತೋರಿಸಿದಳು. ಅವಳ ಅಜ್ಜಿ ಒನಕೆ ಹಿಡಿದು ನಿಂತಿದ್ದಾಳೆ. ಒನಕೆ ಅಜ್ಜಿಗಿಂತ ಎತ್ತರ ಇದೆ. ಅದು ಮುಂದಿನ ಸಂಚಿಕೆಯ ಮುಖಪುಟ.

ಉಳಿದ ಪುಟಗಳಿಗೂ ಚಿತ್ರ ಬೇಕು. ಬ್ಯಾನರ್ ಬರೆಯುವ ಗೆಳೆಯರು, ಹಚ್ಚೆ ಬಲ್ಲ ತಾಯಂದಿರು, ಹಾಸ್ಟೆಲಿನ ಹುಡುಗ ಹುಡುಗಿಯರು ಕೊಡಬೇಕು. ನಮ್ಮದು ಮೇಣದ ಹಾಳೆ, ಉಕ್ಕಿನ ಕಡ್ಡಿ. ಇಲ್ಲಿ ಕೊಲ್‌ವಿಟ್ಸಳ ಕಪ್ಪು ನಿಲ್ಲುವುದಿಲ್ಲ. ದೊಡ್ಡ ಜಾಗವನ್ನು ಕಪ್ಪು ಮಾಡಲು ಕೆರೆದರೆ ಸ್ಟೆನ್ಸಿಲ್ ಹರಿದು ಮಸಿ ಸೋರುತ್ತೆ. ಗೆರೆಯಲ್ಲೇ ಬರೆಯಿರಿ. ಗೆರೆಗೂ ಗೆರೆಗೂ ನಡುವೆ ಜಾಗ ಬಿಡಿ. ನೀವು ಬರೆದದ್ದು ಯಾರನ್ನು ಎಂಬುದನ್ನು ಕೆಳಗೆ ಹೆಸರು, ಊರು ಸಮೇತ ಬರೆಯಿರಿ, ಅವರನ್ನು ಕೇಳಿಯೇ ಬರೆಯಿರಿ. ನಿಮ್ಮ ಹೆಸರನ್ನೂ ಹಾಕಿ.